ಅಲೆಯ ಬೆನ್ನು, ಹಿಮದ ಬೆನ್ನು

ಬಡ್ ಬ್ರೌನ್ ಎಂಬ ಹೆಸರನ್ನು ನಮ್ಮಲ್ಲಿ ಕೇಳಿದವರು ವಿರಳ. 1912ರಲ್ಲಿ ಜನಿಸಿದ ಈ ಅಮೆರಿಕನ್ ಕಾಲೇಜು ದಿನಗಳಲ್ಲಿ ಈಜು ತಂಡದ ನಾಯಕ, ಆಮೇಲೆ ಕ್ಯಾಲಿಫೋರ್ನಿಯದ ಕಡಲತೀರದಲ್ಲಿ ಜೀವರಕ್ಷಕ, ಅದಾದ ಮೇಲೆ ಶಾಲಾ ಮೇಷ್ಟ್ರು. ಹವಾಯಿ ದ್ವೀಪಗಳಲ್ಲಿ ಹಲಗೆಯ ಮೇಲೆ ನಿಂತು ಅಲೆಗಳನ್ನೇರುವವರನ್ನು ಪುಟ್ಟ ಕ್ಯಾಮೆರಾದಲ್ಲಿ ಚಿತ್ರಿಸಿಕೊಂಡು ಬಂದ ಆತ, 1953ರಲ್ಲಿ ಸಾಂಟಾ ಮೋನಿಕಾದ ಶಾಲೆಯೊಂದರ ಸಭಾಂಗಣದಲ್ಲಿ ತಲೆಗೆ 65 ಸೆಂಟ್ ಪ್ರವೇಶಧನವಿಟ್ಟು ಅದನ್ನು ತೋರಿಸಿದ. ಜನ ಕಿಕ್ಕಿರಿದು ಬಂದರು. ಮೇಷ್ಟ್ರು ಪಾಠ ಹೇಳುವ ವೃತ್ತಿಗೆ ಶರಣು ಹೊಡೆದು ಅಲೆಗಳ ಬೆನ್ನು ಹತ್ತಿದರು. ಸರ್ಫಿಂಗ್ ಚಲನಚಿತ್ರಗಳ ಪರಂಪರೆ ಆರಂಭವಾದದ್ದು ಆತನಿಂದಲೇ ಎಂಬುದು ಬಲ್ಲವರ ಮಾತು.

ಮೂರು ದಶಕಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿ, ಸೀಮೆಸುಣ್ಣದ ಧೂಳಿನಲ್ಲಿಯೇ ಕೂದಲು ಬೆಳ್ಳಗಾದ ನನ್ನಂಥವನಿಗೆ ಈ ಸಹೋದ್ಯೋಗಿಯ ಮೇಲೆ ಕಿಂಚಿತ್ ಅಸೂಯೆ ಹುಟ್ಟಿದರೆ ಓದುಗರು ಆಶ್ಚರ್ಯಪಡಬಾರದು. ಇಂಥವರ ಲೋಕಕ್ಕೆ ನನ್ನನ್ನು ಕರೆದೊಯ್ದವನು ನನ್ನ ಹಳೆಯ ವಿದ್ಯಾರ್ಥಿ. ಅವನ ವಿಷಯ ಮುಂದೆ ಬರುತ್ತದೆ.

ಹಿಮದ ಇಳಿಜಾರಿನಲ್ಲಿ ಜಾರುವವರನ್ನು, ಕಡಲಲೆಯ ಮೇಲೆ ಸವಾರಿ ಮಾಡುವವರನ್ನು, ಗಾಲಿ ಹಲಗೆಯಲ್ಲಿ ನೆಗೆಯುವವರನ್ನು ಚಿತ್ರಿಸುವುದೇ ಜೀವನವೃತ್ತಿಯಾದವರು ಇದ್ದಾರೆ. ಮೇಲುನೋಟಕ್ಕೆ ಇದಕ್ಕಿಂತ ಸುಖದ ಉದ್ಯೋಗವುಂಟೇ ಎನಿಸುತ್ತದೆ. ವಾರನ್ ಮಿಲ್ಲರನ ವೃತ್ತಾಂತವನ್ನು ತಿಳಿದ ಬಳಿಕ ಹಾಗೆನ್ನುವುದು ಕಷ್ಟ.

ಮಿಲ್ಲರ್ 1924ರಲ್ಲಿ ಹಾಲಿವುಡ್ಡಿನಲ್ಲಿ ಹುಟ್ಟಿದವನು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ ಹೊರಬಂದಾಗ ಕೈಯಲ್ಲಿ ಎಂಟು ಮಿಲಿಮೀಟರಿನ ಒಂದು ಕ್ಯಾಮೆರಾ, ಜೊತೆಗೆ ಒಬ್ಬ ಗೆಳೆಯ. 1946ರ ಚಳಿಗಾಲದಲ್ಲಿ ಇಬ್ಬರೂ ಕಾರಿನ ಹಿಂದೆ ಗೂಡಿನಂಥ ಪುಟ್ಟ ಟ್ರೇಲರನ್ನು ಎಳೆದುಕೊಂಡು ಐಡಹೊ ರಾಜ್ಯದ ಸನ್ ವ್ಯಾಲಿ ಎಂಬ ಸಿರಿವಂತರ ಹಿಮವಿಹಾರಧಾಮಕ್ಕೆ ಹೋದರು. ಅಲ್ಲಿನ ವಾಹನ ನಿಲ್ದಾಣದಲ್ಲಿಯೇ ಬಿಡಾರ ಹೂಡಿದರು. ಬೇಟೆಯಾಡಿದ ಮೊಲವೇ ಊಟ. ಅದೂ ಇಲ್ಲದ ದಿನ ಉಪಾಹಾರಗೃಹದಲ್ಲಿ ಪುಕ್ಕಟೆಯಾಗಿ ಸಿಗುವ ಟೊಮೆಟೊ ಕೆಚಪ್ಪನ್ನು ಬಿಸಿನೀರಿಗೆ ಕಲಸಿ, ಪುಕ್ಕಟೆ ಬಿಸ್ಕತ್ತು ಅದ್ದಿಕೊಂಡರೆ ಅದೇ ಸಾರು! ಒಬ್ಬರು ಜಾರುವುದನ್ನು ಇನ್ನೊಬ್ಬರು ಚಿತ್ರಿಸುತ್ತಿದ್ದುದು ತಮ್ಮ ತಪ್ಪುಗಳನ್ನು ತಾವೇ ನೋಡಿ ತಿದ್ದಿಕೊಳ್ಳುವುದಕ್ಕಾಗಿ. ಉದ್ಯಮದ ಯೋಚನೆ ಆಗಿನ್ನೂ ಇರಲಿಲ್ಲ.

ಆಮೇಲೆ ಆತ ಸ್ಕೀಯಿಂಗ್ ಶಿಕ್ಷಕನಾದ. ಅವನಲ್ಲಿ ಕಲಿಯಲು ಬಂದವರಲ್ಲಿ ಬೆಲ್ ಅಂಡ್ ಹೋವೆಲ್ ಎಂಬ ಕ್ಯಾಮೆರಾ ಕಂಪನಿಯ ಮುಖ್ಯಸ್ಥ ಚಾರ್ಲ್ಸ್ ಪರ್ಸಿಯೂ ಇದ್ದ. ಮುಂದೆ ಅಮೆರಿಕದ ಸೆನೆಟರಾದವನು. ಶಿಷ್ಯನ ದಯೆಯಿಂದ ಗುರುವಿಗೆ ಹದಿನಾರು ಮಿಲಿಮೀಟರಿನ ಕ್ಯಾಮೆರಾ ದೊರೆಯಿತು. (ಇಂಥ ಗುರುದಕ್ಷಿಣೆ ನಮ್ಮ ಪಾಲಿಗೆ ಬರಲಿಲ್ಲ, ಇರಲಿ.) ಸ್ನೇಹಿತರಿಂದ ಸಾಲ ಪಡೆದು 1950ರಲ್ಲಿ ಮೊದಲ ಚಿತ್ರ 'ಡೀಪ್ ಅಂಡ್ ಲೈಟ್' ಅನ್ನು ಸಿದ್ಧಪಡಿಸಿದ. ಅಲ್ಲಿಂದ ವರ್ಷಕ್ಕೊಂದು ಚಿತ್ರ. ಚಳಿಗಾಲವಿಡೀ ಚಿತ್ರೀಕರಣ, ಬೇಸಿಗೆಯಲ್ಲಿ ಸಂಕಲನ, ಹಿಮ ಬೀಳುವುದಕ್ಕೆ ಮುಂಚಿನ ತಿಂಗಳುಗಳಲ್ಲಿ ಊರೂರು ಸುತ್ತಿ ಪ್ರದರ್ಶನ. ಒಂದು ವರ್ಷದಲ್ಲಿ ನೂರಕ್ಕೂ ಮಿಕ್ಕಿ ಊರುಗಳು. ಚಿತ್ರಕ್ಕೆ ಧ್ವನಿಪಥವಿಲ್ಲದಿದ್ದುದರಿಂದ ತೆರೆಯ ಪಕ್ಕದಲ್ಲಿ ಸ್ವತಃ ನಿಂತು, ನಗಿಸುತ್ತ, ಕಥೆ ಹೇಳುತ್ತ ನಡೆಸಿಕೊಡಬೇಕು. ಬೆಳಗಾದರೆ ಮುಂದಿನ ಊರು.

ಇದನ್ನು ಓದುವಾಗ ನನಗೆ ನೆನಪಾದದ್ದು ನಾನು ಹೊಸದಾಗಿ ನೌಕರಿಗೆ ಸೇರಿದ ದಿನಗಳಲ್ಲಿ ನಮ್ಮ ಶಾಲೆಗೆ ಬರುತ್ತಿದ್ದ ಕ್ಷೇತ್ರ ಪ್ರಚಾರದ ಜೀಪು. ಕತ್ತಲಾದ ಮೇಲೆ ಆಟದ ಬಯಲಿನಲ್ಲಿ ಬಿಳಿಯ ಪರದೆ ಕಟ್ಟಿ ಹದಿನಾರು ಮಿಲಿಮೀಟರಿನ ಯಂತ್ರ ಹೂಡುತ್ತಿದ್ದರು. ಚಿತ್ರ ಹಿಂದಿಯದಾದರೆ ಆ ಯಂತ್ರ ನಡೆಸುವವರೇ ಧ್ವನಿವರ್ಧಕ ಹಿಡಿದು ಕನ್ನಡದಲ್ಲಿ ವಿವರಿಸುವರು. ಅಣೆಕಟ್ಟಿನ ಚಿತ್ರಕ್ಕೂ ಅವರು ಪೌರಾಣಿಕ ನಾಟಕದ ಗತ್ತನ್ನು ತರುತ್ತಿದ್ದರು. ಮಕ್ಕಳಿಗೆ ಚಿತ್ರ ಮರೆತುಹೋದರೂ ಆ ದನಿ ಮರೆಯುತ್ತಿರಲಿಲ್ಲ.

ಇನ್ನು ಕ್ಯಾಮೆರಾದ ಲೆಕ್ಕ. ವಿಜ್ಞಾನದ ಮೇಷ್ಟ್ರಾದ ನಾನು ಇದನ್ನು ಬಿಟ್ಟು ಮುಂದೆ ಹೋಗಲಾರೆ. ಹದಿನಾರು ಮಿಲಿಮೀಟರಿನ ಫಿಲ್ಮಿನಲ್ಲಿ ಒಂದು ಅಡಿಗೆ 40 ಚೌಕಟ್ಟುಗಳು. ನೂರಡಿಯ ಸುರುಳಿಯಲ್ಲಿ 4,000. ಸೆಕೆಂಡಿಗೆ 24ರಂತೆ ಓಡಿದರೆ ಎರಡು ಮುಕ್ಕಾಲು ನಿಮಿಷಕ್ಕೆ ಸುರುಳಿ ಖಾಲಿ. ತೆರೆಯ ಮೇಲೆ ಚಲನೆ ನಿಧಾನವಾಗಿ ಕಾಣಬೇಕೆಂದು ಸೆಕೆಂಡಿಗೆ 64ರಂತೆ ಓಡಿಸಿದರೆ ಒಂದೇ ನಿಮಿಷದ ಮಾತು. ಕೀಲಿ ಕೊಟ್ಟು ನಡೆಸುವ ಕ್ಯಾಮೆರಾ ಅರ್ಧ ನಿಮಿಷದೊಳಗೆ ನಿಲ್ಲುತ್ತದೆ. ಮತ್ತೆ ಕೀಲಿ ತಿರುಗಿಸಬೇಕು. ಕೊರೆಯುವ ಚಳಿಗೆ ಫಿಲ್ಮು ಪೆಡಸಾಗಿ ತುಂಡಾಗುತ್ತದೆ. ಬೆಳಕನ್ನಳೆಯುವ ಮೀಟರು ಹಿಮದೆದುರು ಮೋಸ ಹೋಗುತ್ತದೆ: ಎದುರಿಗಿರುವ ದೃಶ್ಯ ಸರಾಸರಿ ಬೂದುಬಣ್ಣದ್ದೆಂದು ಭಾವಿಸಿ ಅದು ಲೆಕ್ಕ ಕೊಡುವುದರಿಂದ, ಅದರ ಮಾತನ್ನೇ ನಂಬಿದರೆ ಬೆಳ್ಳನೆಯ ಹಿಮವೂ ಬೂದಿಯ ಗುಡ್ಡೆಯಂತೆ ಕಾಣುತ್ತದೆ. ಆದ್ದರಿಂದ ಮೀಟರು ಹೇಳಿದ್ದಕ್ಕಿಂತ ಹೆಚ್ಚು ಬೆಳಕನ್ನು ಒಳಬಿಡಬೇಕು. ಎಲ್ಲಕ್ಕಿಂತ ಮಿಗಿಲಾದ ತೊಡಕೆಂದರೆ, ಹೊಸ ಹಿಮದ ಇಳಿಜಾರಿನಲ್ಲಿ ಒಮ್ಮೆ ಜಾರಿದರೆ ಗೆರೆ ಬಿದ್ದುಹೋಯಿತು. ಕ್ಯಾಮೆರಾ ತಪ್ಪಿತೆಂದು ‘ಇನ್ನೊಮ್ಮೆ’ ಎನ್ನುವಂತಿಲ್ಲ. ಇನ್ನೊಂದು ಹಿಮಪಾತಕ್ಕೆ ಕಾಯಬೇಕು, ಇಲ್ಲವೇ ಇನ್ನೊಂದು ಬೆಟ್ಟ ಹತ್ತಬೇಕು.

ಅಲೆಯದೂ ಅದೇ ಸ್ವಭಾವ. ಬ್ರೂಸ್ ಬ್ರೌನ್ (ಬಡ್ ಬ್ರೌನನಿಗೂ ಈತನಿಗೂ ನಂಟಿಲ್ಲ) 1963ರಲ್ಲಿ ಮೈಕ್ ಹಿನ್ಸನ್ ಮತ್ತು ರಾಬರ್ಟ್ ಆಗಸ್ಟ್ ಎಂಬ ಇಬ್ಬರು ತರುಣರನ್ನು ಕರೆದುಕೊಂಡು ಬೇಸಿಗೆಯನ್ನು ಹಿಂಬಾಲಿಸುತ್ತ ಭೂಮಿಯನ್ನೇ ಸುತ್ತಿದ. ಮೊದಲು ಹೊರಡಬೇಕೆಂದಿದ್ದುದು ದಕ್ಷಿಣ ಆಫ್ರಿಕಕ್ಕೆ ಮಾತ್ರ. ಅಲ್ಲಿಗೆ ಹೋಗಿ ಬರುವ ವಿಮಾನದ ಟಿಕೆಟ್ಟಿಗಿಂತ ಪ್ರಪಂಚ ಸುತ್ತಿ ಬರುವ ಟಿಕೆಟ್ಟೇ 50 ಡಾಲರ್ ಅಗ್ಗವೆಂದು ಪ್ರವಾಸದ ಏಜೆಂಟು ತಿಳಿಸಿದನಂತೆ! ಸೆನೆಗಲ್, ಘಾನಾ, ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್, ತಾಹಿತಿ, ಹವಾಯಿ. ಛಾಯಾಗ್ರಹಣ, ಸಂಕಲನ, ನಿರೂಪಣೆ, ನಿರ್ದೇಶನ ಎಲ್ಲವೂ ಅವನದೇ. ಆದರೆ ಹಂಚಿಕೆದಾರರು ಸಮುದ್ರವಿಲ್ಲದ ಊರಿನಲ್ಲಿ ಇದನ್ನು ಯಾರು ನೋಡುತ್ತಾರೆಂದು ಕೈಚೆಲ್ಲಿದರು. ಬ್ರೌನ್ ಛಲದಿಂದ ಕಡಲಿನಿಂದ ಬಹುದೂರದಲ್ಲಿರುವ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ, ಕಡುಚಳಿಗಾಲದಲ್ಲಿ, ಬಾಡಿಗೆಗೆ ಚಿತ್ರಮಂದಿರ ಹಿಡಿದು ತೋರಿಸಿದ, ಮಂದಿರ ತುಂಬಿತು. ಆಮೇಲೆ ನ್ಯೂಯಾರ್ಕಿನಲ್ಲಿಯೂ ಹಾಗೆಯೇ ಮಾಡಿದ. 1966ರಲ್ಲಿ 'ದಿ ಎಂಡ್‌ಲೆಸ್ ಸಮ್ಮರ್' ದೇಶಾದ್ಯಂತ ತೆರೆಕಂಡಿತು.

ಚಿತ್ರವನ್ನು ನಾನು ಎರಡು ಬಾರಿ ನೋಡಿದ್ದೇನೆ. ಕೇಪ್ ಸೇಂಟ್ ಫ್ರಾನ್ಸಿಸ್ಸಿನ ಮರಳುದಿಬ್ಬಗಳನ್ನು ದಾಟಿ ಕಡಲಿಗಿಳಿದಾಗ ಎದುರಾಗುವ, ಕಡೆದಿಟ್ಟಂಥ ಆ ಅಲೆಗಳು ಮನಸ್ಸಿನಿಂದ ಅಳಿಯುವಂಥವಲ್ಲ. ಆದರೆ ಆಫ್ರಿಕದ ಹಳ್ಳಿಗರ ಕುರಿತ ಅವನ ಕೆಲವು ಹಾಸ್ಯೋಕ್ತಿಗಳು ನನಗೆ ರುಚಿಸಲಿಲ್ಲ. ವರ್ಣಭೇದ ನೀತಿ ಕ್ರೂರವಾಗಿ ಜಾರಿಯಲ್ಲಿದ್ದ ದೇಶವನ್ನು ಆತ ಒಂದು ನಗೆಮಾತಿನಲ್ಲಿ ದಾಟಿಬಿಡುತ್ತಾನೆ. ಅಲೆಯೊಂದನ್ನೇ ನೋಡುವ ಕಣ್ಣಿಗೆ ದಡದ ಮನುಷ್ಯರು ಮಸುಕಾಗುತ್ತಾರೇನೋ.

ಗಾಲಿ ಹಲಗೆಯ ಕಥೆ ಇವೆರಡಕ್ಕೂ ತಮ್ಮನಿದ್ದಂತೆ. 1976–77ರಲ್ಲಿ ಕ್ಯಾಲಿಫೋರ್ನಿಯ ಬರಗಾಲಕ್ಕೆ ತುತ್ತಾಗಿ ಶ್ರೀಮಂತರ ಹಿತ್ತಲಿನ ಈಜುಕೊಳಗಳು ಬತ್ತಿದಾಗ, ಅಲೆಸವಾರಿ ಬಲ್ಲ ಹುಡುಗರು ಆ ಬರಿದಾದ ಕೊಳಗಳ ಗೋಡೆಗಳನ್ನೇ ಅಲೆಯೆಂದು ಬಗೆದು ಸ್ಕೇಟ್‌ಬೋರ್ಡ್ ಓಡಿಸಿದರು. ಆ ಗುಂಪಿನ ಸ್ಟೇಸಿ ಪೆರಾಲ್ಟ ಮುಂದೆ ಕ್ಯಾಮೆರಾ ಹಿಡಿದು 1984ರಲ್ಲಿ ವಿಡಿಯೊ ಕ್ಯಾಸೆಟ್ಟಿನ ರೂಪದಲ್ಲಿ ಚಿತ್ರ ಹೊರತಂದ. ಸಭಾಂಗಣ ಬೇಡ, ತೆರೆಯ ಪಕ್ಕದಲ್ಲಿ ನಿಂತು ಮಾತಾಡುವವನೂ ಬೇಡ. ಹುಡುಗರು ಮನೆಯಲ್ಲಿಯೇ ಹಿಂದೆ ಮುಂದೆ ತಿರುಗಿಸಿ ನೋಡಿ ವರಸೆಗಳನ್ನು ಕಲಿತರು. 2001ರಲ್ಲಿ ಆತ ತನ್ನ ಬಾಲ್ಯದ ಗೆಳೆಯರ ಕುರಿತು ನಿರ್ಮಿಸಿದ 'ಡಾಗ್‌ಟೌನ್ ಅಂಡ್ ಝಡ್-ಬಾಯ್ಸ್' ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗಳಿಸಿತು.

ಇವರೆಲ್ಲರೂ ಆಟ ಬಲ್ಲವರೇ. ಆದರೂ ವರ್ಷದ ಅತ್ಯುತ್ತಮ ಅಲೆ ಎದ್ದ ದಿನ, ಮೊಣಕಾಲುದ್ದದ ಹೊಸ ಹಿಮ ಬಿದ್ದ ಬೆಳಗು, ಇವರು ಆಡುವಂತಿಲ್ಲ. ಮದುವೆಮನೆಯ ಅಡುಗೆಭಟ್ಟರಂತೆ ಎಲ್ಲರ ಊಟ ಮುಗಿಯುವ ತನಕ ಒಲೆಯ ಮುಂದೆ ನಿಂತಿರಬೇಕು. ಮನೆಯ ಲೆಕ್ಕವಂತೂ ಇನ್ನೂ ಕಠಿಣ. ಮಿಲ್ಲರನ ಮೊದಲ ಪತ್ನಿ ಎಳೆಯ ಮಗುವೊಂದನ್ನು ಬಿಟ್ಟು ಕ್ಯಾನ್ಸರಿನಿಂದ ತೀರಿಕೊಂಡಳು. ಜನರನ್ನು ನಗಿಸುವ ಸಭೆಗಳು ನಿಲ್ಲಲಿಲ್ಲ. ನಿಲ್ಲಿಸಿದ್ದರೆ ಅನ್ನವಿರಲಿಲ್ಲ.

ಈಗ ನನ್ನ ವಿದ್ಯಾರ್ಥಿಯ ವಿಷಯ. ನಮ್ಮ ಕರಾವಳಿಗೂ ಈ ಆಟ ಕಾಲಿಟ್ಟು ಎರಡು ದಶಕಗಳು ಕಳೆದಿವೆ. 2004ರ ಸುಮಾರಿಗೆ ಮೂಲ್ಕಿಯ ಆಶ್ರಮವೊಂದರಲ್ಲಿ ಅಮೆರಿಕದಿಂದ ಬಂದ ಸಾಧಕರು ಸರ್ಫಿಂಗ್ ಕಲಿಸತೊಡಗಿದರು. 2007ರಲ್ಲಿ ಕೋಡಿ ಬೆಂಗ್ರೆಯಲ್ಲಿ ಇಶಿತಾ ಮಾಳವೀಯ ಮತ್ತು ತುಷಾರ್ ಪಥಿಯಾನ್ ಕ್ಲಬ್ಬೊಂದನ್ನು ಆರಂಭಿಸಿದರು. ಮೀನುಗಾರ ಮನೆತನದ ಈ ಹುಡುಗ ಅಲ್ಲಿ ಅಲೆ ಏರುವುದನ್ನು ಕಲಿತು, ಕೊನೆಗೆ ಹಲಗೆ ಬಿಟ್ಟು ಕ್ಯಾಮೆರಾ ಹಿಡಿದ. ಅವನ ತಂದೆ, ಪರ್ಸೀನ್ ಬೋಟಿನಲ್ಲಿ ದುಡಿದವರು, ಹೋದ ವರ್ಷ ಮೀನುಗಾರಿಕೆಯ ರಜೆಯ ತಿಂಗಳಲ್ಲಿ ನನ್ನ ಮನೆಗೆ ಬಂದು ಜಗಲಿಯಲ್ಲಿ ಕುಳಿತರು.

"ಕಡಲು ನಮಗೆ ಹೊಸತಾ ಮಾಷ್ಟ್ರೇ? ಅದರಲ್ಲಿ ಆಡುವವರ ಪಟ ತೆಗೆದ್ರೆ ಹೊಟ್ಟೆ ತುಂಬ್ತದಾ? ನೀವಾದ್ರೂ ಅವನಿಗೆ ಒಂದು ಮಾತು ಹೇಳಿ" ಎಂದರು.

ತುಂಬುತ್ತದೆಂದು ಹೇಳುವ ಧೈರ್ಯ ನನಗಿರಲಿಲ್ಲ. ತುಂಬುವುದಿಲ್ಲವೆಂದು ಹೇಳಲು ಮನಸ್ಸಿರಲಿಲ್ಲ. ಮಿಲ್ಲರನ ಟೊಮೆಟೊ ಸಾರಿನ ಕಥೆ ಹೇಳಿದೆ. ಅವರು ನಗಲಿಲ್ಲ. "ಮಳೆಗಾಲದಲ್ಲಿ ಗಂಜಿ, ಒಣಮೀನು ತಿಂದೇ ನಾವು ದೊಡ್ಡವರಾದದ್ದು. ಅವನಿಗೆ ಅದು ಬೇಡ ಅಂತಲೇ ಓದಿಸಿದ್ದು" ಎಂದರು. ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಹುಡುಗ ಮದುವೆಯ ಹಂಗಾಮಿನಲ್ಲಿ ವಿಡಿಯೊ ತೆಗೆದು ಸಂಪಾದಿಸುತ್ತಾನೆ, ಆ ಹಣವನ್ನೆಲ್ಲ ನೀರೊಳಗೆ ಕ್ಯಾಮೆರಾ ಒಯ್ಯುವ ಪೆಟ್ಟಿಗೆಗೆ ಸುರಿಯುತ್ತಾನೆ.

ಮಳೆ ಕಳೆದ ಮೇಲೆ ಒಂದು ಮುಂಜಾನೆ ಹುಡುಗನೇ ನಮ್ಮಿಬ್ಬರನ್ನೂ ಕಡಲತೀರಕ್ಕೆ ಕರೆದೊಯ್ದ. ಐದೂವರೆಗೆ ನೀರಿಗಿಳಿದವನು ಎದೆಮಟ್ಟದ ಅಲೆಗಳಲ್ಲಿ ಆ ಪೆಟ್ಟಿಗೆ ಹಿಡಿದು ಮುಳುಗುತ್ತ ಏಳುತ್ತ ಹತ್ತು ಗಂಟೆಯವರೆಗೂ ಅಲ್ಲಿಯೇ ಇದ್ದ. ಅಲೆ ಏರಿದವರು ನಕ್ಕು ಕೇಕೆ ಹಾಕಿ ದಡಕ್ಕೆ ಬಂದು ಚಹಾ ಕುಡಿದು ಮತ್ತೆ ಹೋದರು. ಇವನು ಮಾತ್ರ ಬರಲಿಲ್ಲ. ತಂದೆ ಮೊದಮೊದಲು ಬೇರೆ ಕಡೆ ನೋಡುತ್ತಿದ್ದರು. ಆಮೇಲೆ, "ಸುಳಿ ಎಳೀತಾ ಉಂಟು, ಎಡಕ್ಕೆ ಸರಿಬೇಕಿತ್ತು" ಎಂದು ತಮ್ಮಷ್ಟಕ್ಕೆ ಗೊಣಗಿದರು. ಹುಡುಗ ಎಡಕ್ಕೆ ಸರಿದ.

ಅರವತ್ತು ದಾಟಿದ ಮೇಲೆಯೂ ಬಡ್ ಬ್ರೌನ್ 1978ರ 'ಬಿಗ್ ವೆನ್ಸ್‌ಡೇ' ಚಿತ್ರಕ್ಕಾಗಿ ಹೀಗೆಯೇ ಅಲೆಗಳ ನಡುವೆ ಕ್ಯಾಮೆರಾ ಹಿಡಿದು ಈಜಿದ್ದನೆಂಬುದನ್ನು ನಾನು ಅವರಿಗೆ ಹೇಳಿದೆ. "ಅಷ್ಟು ವಯಸ್ಸಿನಲ್ಲಿ? ಮನೆಯವರು ಬಿಟ್ರಾ?" ಎಂದು ಕೇಳಿದರು.

ಹುಡುಗ ದಡಕ್ಕೆ ಬಂದಾಗ ಬೆರಳುಗಳು ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು. ತಂದೆ ಬೋಟಿನವರನ್ನು ಕೇಳುವ ಧಾಟಿಯಲ್ಲಿಯೇ ಕೇಳಿದರು: "ಇವತ್ತು ಎಷ್ಟು ಬಿತ್ತು?"

"ಹನ್ನೊಂದು ಸೆಕೆಂಡು, ಅಪ್ಪ. ಉಳಿದದ್ದು ಪ್ರಯೋಜನವಿಲ್ಲ."

"ಡೀಸೆಲಿನ ದುಡ್ಡೂ ಹುಟ್ಟಲಿಲ್ಲ ಹಾಗಾದ್ರೆ" ಎಂದರು ತಂದೆ. ಪೆಟ್ಟಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು, ಉಪ್ಪು ಹಿಡಿಯುವ ಮೊದಲು ಸಿಹಿನೀರಿನಲ್ಲಿ ತೊಳೆಯಬೇಕೆಂದು ಹತ್ತಿರದ ಮನೆಯ ಬಾವಿಕಟ್ಟೆಯತ್ತ ನಡೆದರು.