ದಾರುಖಾನಾಕ್ಕೆ ಹೋದ ಪಂಖಾ

ಮುಂಬಯಿಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವರಲ್ಲೂ ದಾರುಖಾನಾ ನೋಡಿದವರು ಕಡಿಮೆ. ಹಾರ್ಬರ್ ಲೈನಿನ ರೇ ರೋಡ್ ಸ್ಟೇಷನ್ನಿನಲ್ಲಿ ಇಳಿದು ಸಮುದ್ರದ ಕಡೆ ನಡೆದರೆ ಸಿಗುತ್ತದೆ. ಹೆಸರು ಕೇಳಿ ಹೆಂಡದಂಗಡಿ ಎಂದುಕೊಳ್ಳಬೇಡಿ. ಇಲ್ಲಿ ದಾರೂ ಎಂದರೆ ಕೋವಿಯ ಮದ್ದು. ನಮ್ಮ ಮೊದಲ ವಿಮಾನವಾಹಕ ಹಡಗು 'ವಿಕ್ರಾಂತ್' ಅನ್ನು 2014ರಲ್ಲಿ ಒಡೆಯತೊಡಗಿದ್ದು ಇಲ್ಲಿಯೇ. ನಾನು ಅಲ್ಲಿಗೆ ಹೋದದ್ದು 2023ರ ನವೆಂಬರಿನಲ್ಲಿ, ಗೋಣಿತಾಟಿನಲ್ಲಿ ಸುತ್ತಿದ ಪ್ರೊಪೆಲ್ಲರೊಂದನ್ನು ತೊಡೆಯ ಮೇಲಿಟ್ಟುಕೊಂಡು!

ಬ್ಯಾಂಕಿನಿಂದ ನಿವೃತ್ತನಾದ ನನ್ನ ತಮ್ಮ ಆ ವರ್ಷ 26 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದ. ಹಾಯಿದೋಣಿಗೆ ಪ್ರೊಪೆಲ್ಲರ್ ಏಕೆಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ಗಾಳಿ ಬಿದ್ದುಹೋದರೆ, ಇಲ್ಲವೇ ದೊಡ್ಡ ಹಡಗು ಎದುರಾದರೆ, ಪುಟ್ಟ ಇಂಜಿನ್ನೇ ಗತಿ. ದೋಣಿ ನೀರಿನಲ್ಲೇ ಇದ್ದುದರಿಂದ ಇವನು ಮೇಲಿನದನ್ನಷ್ಟೇ ನೋಡಿ ಹಣ ಎಣಿಸಿದ್ದ. ತಳದ ಕೆಲಸವೆಲ್ಲ ಆಗಿದೆ ಎಂದು ಮಾರಿದವರು ಹೇಳಿದ್ದರಂತೆ.

ಮೊದಲ ದಿನವೇ ಇಂಜಿನ್ನಿನ ವೇಗ ಸ್ವಲ್ಪ ಏರಿಸಿದ್ದೇ ತಡ, ಕಾಲಡಿಯ ಹಲಗೆ ನಡುಗಿತು. ನನ್ನ ಚಹದ ಲೋಟ ತಾನೇ ನಡೆದು ಅಂಚಿಗೆ ಬಂತು. ಮುಂಬಯಿಯ ಕಡಲಿನಲ್ಲಿ ಹುಣ್ಣಿಮೆ–ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ನಾಲ್ಕು ಮೀಟರಿಗೂ ಮಿಗಿಲಾಗಿ ಏರಿ ಇಳಿಯುತ್ತದೆ. ಮೀನುಗಾರರು ಇದನ್ನೇ ಉಪಯೋಗಿಸಿಕೊಳ್ಳುತ್ತಾರೆ: ಉಬ್ಬರದಲ್ಲಿ ದೋಣಿಯನ್ನು ದಡಕ್ಕೆ ತಂದು ಕಟ್ಟಿದರೆ ಇಳಿತದಲ್ಲಿ ಅದು ಒಣನೆಲದ ಮೇಲೆ ನಿಂತಿರುತ್ತದೆ. ಅಕ್ಟೋಬರ್ ಕೊನೆಯ ಹುಣ್ಣಿಮೆಗೆ ಮಾಂಡ್ವಾ ಕಡೆಯ ಖಾಡಿಯೊಂದರಲ್ಲಿ ತಮ್ಮನೂ ಹಾಗೇ ಮಾಡಿದ. ಮೂರು ರೆಕ್ಕೆಗಳಲ್ಲಿ ಒಂದರ ತುದಿ ಮಡಿಸಿದ ವೀಳ್ಯದೆಲೆಯಂತೆ ಬಾಗಿತ್ತು.

"ಇಷ್ಟೇ ತಾನೆ, ಬಡಿಸಿ ನೆಟ್ಟಗೆ ಮಾಡಿಸು" ಎಂದವಳು ನಾನೇ. ಹೊಸದಕ್ಕೆ ಹಣವೂ ಹೆಚ್ಚು, ಕಾಯುವುದೂ ಹೆಚ್ಚು. ದೀಪಾವಳಿಯ ದಿನ ಎಂಬತ್ತೆರಡರ ಅಮ್ಮನನ್ನು ದೋಣಿಯಲ್ಲಿ ಕೂರಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಅಮ್ಮ ಆಗಲೇ ಮಫ್ಲರ್ ತೆಗೆದಿಟ್ಟುಕೊಂಡು ದಿನ ಎಣಿಸುತ್ತಿದ್ದರು.

ಮಾಂಡ್ವಾದಿಂದ ಕಾರುಗಳನ್ನೂ ಹೊತ್ತು ತರುವ ರೋ-ರೋ ಹಡಗಿನಲ್ಲಿ ಒಂದು ತಾಸಿನ ಹಾದಿ, ಇಳಿದದ್ದು ಭಾವೂಚಾ ಧಕ್ಕಾದಲ್ಲಿ. ಅಲ್ಲಿಂದ ಟ್ಯಾಕ್ಸಿ. ದಾರುಖಾನಾದ ಓಣಿಗಳಲ್ಲಿ ಏನುಂಟು ಏನಿಲ್ಲ! ಆಳೆತ್ತರದ ಸರಪಳಿಗಳು, ಹಡಗಿನ ಕಮೋಡುಗಳು, ದುಂಡನೆಯ ಹಿತ್ತಾಳೆ ಕಿಟಕಿಗಳು. ಎಣ್ಣೆ, ತುಕ್ಕು, ಗ್ಯಾಸ್ ಕಟರಿನ ವಾಸನೆ. ಸೀರೆಯ ನೆರಿಗೆ ಎತ್ತಿ ಹಿಡಿದು ನಡೆಯದೆ ಗತ್ಯಂತರವಿಲ್ಲ.

ಪಂಖಾ ರಿಪೇರಿಯ ಮುದುಕ ನಮ್ಮ ಗಂಟು ಬಿಚ್ಚಿ, ನಡುವಿನ ಗುಂಬದ ಮೇಲಿನ ಅಂಕಿ ಓದಿದ: 14 × 9. ಅಗಲ 14 ಇಂಚು; ಒಂದು ಸುತ್ತಿಗೆ 9 ಇಂಚು ಮುಂದೆ ಹೋಗುವಷ್ಟು ಓರೆ, ಮರಕ್ಕೆ ತಿರುಪುಮೊಳೆ ಇಳಿದ ಹಾಗೆ. ಆಮೇಲೆ ಗೋಡೆಯ ಮೇಲೆ ತೂಗುಹಾಕಿದ್ದ ಬೇರೊಂದು ಪಂಖಾವನ್ನು ಸಣ್ಣ ಸುತ್ತಿಗೆಯಿಂದ ಬಡಿದ. ದೇವರ ಮನೆಯ ಗಂಟೆಯಂತೆ ಠಣ್ ಎಂದಿತು. ನಮ್ಮದನ್ನು ಎತ್ತಿ ಹಿಡಿದು ಬಡಿದ. ಥಪ್. ಒಡಕು ಮಡಕೆ!

"ಬೆಹೆನ್‌ಜೀ, ಏ ತೋ ಮರ್ ಗಯಾ ಹೈ" ಎಂದ.

ಅರದಿಂದ ಉಜ್ಜಿ ತೋರಿಸಿದ. ಒಳಗೆ ಹಳದಿ ಇರಲಿಲ್ಲ, ಹುಳಿ ಹಾಕಿ ತಿಕ್ಕಿದ ತಾಮ್ರದ ಚೆಂಬಿನ ಗುಲಾಬಿ ಬಣ್ಣ. ಇಂಥ ಪಂಖಾಗಳು ಹೆಸರಿಗೆ ಮ್ಯಾಂಗನೀಸ್ ಕಂಚು, ನಿಜಕ್ಕೆ ಹಿತ್ತಾಳೆಯ ಜಾತಿ. ನೂರರಲ್ಲಿ ಸುಮಾರು ನಲವತ್ತು ಪಾಲು ಸತು. ಉಪ್ಪುನೀರು ಆ ಸತುವನ್ನು ಸದ್ದಿಲ್ಲದೆ ಎಳೆದುಕೊಳ್ಳುತ್ತದೆ. ಹಾಗಾಗದಿರಲೆಂದೇ ಪಕ್ಕದ ದಂಡಕ್ಕೆ ಬಿಡಿ ಸತುವಿನ ಗಟ್ಟಿಯೊಂದನ್ನು ಕಟ್ಟುತ್ತಾರೆ. ಕಡಲು ಮೊದಲು ಅದನ್ನು ತಿನ್ನಲಿ ಎಂದು. ಅದು ಸವೆದ ಹಾಗೆಲ್ಲ ಬದಲಿಸಬೇಕು. ನಮ್ಮ ದೋಣಿಯಲ್ಲಿ ಗಟ್ಟಿ ಇದ್ದ ಜಾಗದಲ್ಲಿ ಎರಡು ಬೋಲ್ಟು ಮಾತ್ರ ಉಳಿದಿತ್ತೆಂದು ತಮ್ಮ ಆಗ ನೆನಪಿಸಿಕೊಂಡ.

ಆದರೂ ನಾನು ಬಿಡಲಿಲ್ಲ ನೋಡಿ. ದೀಪಾವಳಿಯ ಮಟ್ಟಿಗಾದರೂ ನೆಟ್ಟಗೆ ಮಾಡಿಕೊಡಿ ಎಂದೆ. ಮುದುಕ ಉತ್ತರ ಕೊಡದೆ ಬಾಗಿದ ತುದಿಗೆ ಒಂದೇ ಏಟು ಹಾಕಿದ. ಒಣರೊಟ್ಟಿಯ ಅಂಚಿನಂತೆ ಮುರಿದು ನನ್ನ ಕಾಲ ಬಳಿ ಬಿತ್ತು. ಹಡಗುಗಳು ಸಾಲಾಗಿ ಬರುವ ದಾರಿಯ ನಡುವೆ, ಅಮ್ಮನನ್ನು ಕೂರಿಸಿಕೊಂಡಿರುವಾಗ... ತಮ್ಮ ನನ್ನ ಮುಖ ನೋಡಲಿಲ್ಲ, ನಾನು ಅವನದನ್ನು ನೋಡಲಿಲ್ಲ.

ಹಳೆಯದನ್ನು ಅಲ್ಲೇ ತೂಕಕ್ಕೆ ಹಾಕಿದೆವು. ಹೊಸದಕ್ಕೆ ಮೂರು ವಾರ ಕಾದೆವು. ಗುಂಬದೊಳಗಿನ ಓರೆ ತೂತು ನಮ್ಮ ದಂಡಕ್ಕೆ ಸರಿಯಾಗಿ ಕೂರಬೇಕು, ಬಲಕ್ಕೆ ತಿರುಗುವಂಥದೇ ಆಗಬೇಕು ಎಂದು ಮುದುಕ ಎರಡು ಬಾರಿ ಅಳತೆ ಬರೆಸಿಕೊಂಡ. ದೀಪಾವಳಿಗೆ ಅಮ್ಮ ಮಫ್ಲರನ್ನು ಮಡಿಸಿ ಪೆಟ್ಟಿಗೆಗೆ ಸೇರಿಸಿದರು. ಏಕೆಂದು ಕೇಳಲೂ ಇಲ್ಲ.

ನೀವಾಗಲಿ ನಿಮ್ಮ ಮಕ್ಕಳಾಗಲಿ ಹಳೆಯ ದೋಣಿ ಕೊಳ್ಳುವುದಿದ್ದರೆ ಒಂದು ಇಳಿತದ ಹೊತ್ತು ಕಾದು, ಕೆಳಗೆ ಬಗ್ಗಿ, ಪಂಖಾವನ್ನು ಬಡಿದು ನೋಡಿ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಅಜ್ಜಿ ಬೆರಳ ಗೆಣ್ಣಿನಿಂದ ಮಾಡುತ್ತಿದ್ದುದು ಅಷ್ಟೇ.

ಡಿಸೆಂಬರಿನ ಒಂದು ಭಾನುವಾರ ಅಮ್ಮ ಹತ್ತಿದರು. ಇಂಜಿನ್ ಹೊರಟಾಗ ನಾನು ಹಲಗೆಯ ಮೇಲೆ ಅಂಗೈ ಇಟ್ಟೇ ಕೂತಿದ್ದೆ. "ಅದೇನೇ ನೆಲ ಒತ್ತಿ ಹಿಡಿದಿದ್ದೀಯ, ಫ್ಲಾಸ್ಕ್ ಇತ್ತ ಕೊಡು" ಎಂದರು ಅಮ್ಮ.