ಒಂದು ಬಿರಡೆಯ ಯಂತ್ರ

ಲೋಹಶೋಧಕ ಅಂದರೆ ನಮ್ಮ ಮುಂಬಯಿಯವರಿಗೆ ನೆನಪಾಗುವುದು ಸ್ಟೇಷನ್ನಿನ ಬಾಗಿಲಲ್ಲಿ ಸುಮ್ಮಸುಮ್ಮನೆ ‘ಕುಂಯ್’ ಎನ್ನುವ ಚೌಕಟ್ಟು. ಕೋಲಿಗೆ ಕಟ್ಟಿದ ಅಂಥದೇ ಯಂತ್ರ ಹಿಡಿದು ಸಮುದ್ರದಂಡೆಯಲ್ಲೋ ಉತ್ತ ಹೊಲದಲ್ಲೋ ಹವ್ಯಾಸಕ್ಕಾಗಿ ಅಲೆಯುವವರು ಇಂಗ್ಲೆಂಡ್, ಅಮೆರಿಕಗಳಲ್ಲಿ ಬೇಕಾದಷ್ಟಿದ್ದಾರೆ. ಅವರ ಮಾತೆಲ್ಲ ಈಗ ಪರದೆ, ಅಂಕಿ, ಹತ್ತಾರು ಸ್ವರಗಳಿರುವ ದುಬಾರಿ ಯಂತ್ರಗಳದ್ದು. ನನ್ನ ಪಕ್ಷಪಾತ ಬಡ ಯಂತ್ರಗಳ ಕಡೆಗೆ.

ಅಮೆರಿಕದ ಟೆಸೊರೊ ಕಂಪನಿಯ ‘ಕಂಪಾದ್ರೆ’ಯನ್ನೇ ನೋಡಿ. ಒಂದೇ ಬಿರಡೆ, 9 ವೋಲ್ಟಿನ ಒಂದು ಬ್ಯಾಟರಿ, ಪರದೆ ಇಲ್ಲ. ಚಾಲೂ ಮಾಡುವುದೂ ಅದೇ ಬಿರಡೆ, ಯಾವ ಲೋಹಕ್ಕೆ ಕಿವುಡಾಗಬೇಕೆಂದು ಹೇಳುವುದೂ ಅದೇ. ಮೊಳೆ ಬೇಡವೆಂದು ಸ್ವಲ್ಪ ತಿರುಗಿಸಬಹುದು. ತೀರಾ ತಿರುಗಿಸಿದರೆ ಸಣ್ಣ ಚಿನ್ನವೂ ಕಸದ ಜೊತೆ ಹೋದೀತು. 2018ರಲ್ಲಿ ಕಂಪನಿಯೇ ಬಾಗಿಲು ಮುಚ್ಚಿತು. ಹಳೆಯದೇನಾದರೂ ಸಿಕ್ಕರೆ ಬಿಡಬೇಡಿ. 2009ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಹೊಲದಲ್ಲಿ ಟೆರಿ ಹರ್ಬರ್ಟ್ ಎಂಬಾತನಿಗೆ ಸುಮಾರು 4 ಕಿಲೋ ಆಂಗ್ಲೋ-ಸ್ಯಾಕ್ಸನ್ ಚಿನ್ನ ಸಿಕ್ಕಿದ್ದೂ ಹತ್ತು ವರ್ಷಕ್ಕೂ ಹಳೆಯ ಯಂತ್ರದಿಂದಲೇ.

ನಮ್ಮಲ್ಲಿ ಅಂಥ ಆಸೆ ಬೇಡ. 1878ರ ನಿಧಿ ಕಾಯ್ದೆಯ ಪ್ರಕಾರ 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕು. ಹಂಪಿಯಲ್ಲಿ ಅಗೆಯುವ ಯೋಚನೆಯಂತೂ ಮಾಡಲೇಬೇಡಿ! ಯಾರಾದರೂ ಕಳೆದುಕೊಂಡದ್ದನ್ನು ಹುಡುಕಿಕೊಡುವುದೇ ನಮಗೆ ತಕ್ಕದ್ದು. ಅದಕ್ಕೆ ಇನ್ನೂ ಬಡ ಯಂತ್ರವೊಂದಿದೆ, ಬಿ.ಎಫ್.ಓ. ಅದರಲ್ಲಿ ಎರಡು ಆಂದೋಲಕಗಳು. ಒಂದು ಸೆಕೆಂಡಿಗೆ 1,00,000 ಸಲ, ತಂತಿಸುರುಳಿಗೆ ಕಟ್ಟಿದ ಇನ್ನೊಂದು 1,00,300 ಸಲ ಮಿಡಿದರೆ ಕಿವಿಗೆ ಕೇಳುವುದು ನಡುವಿನ 300. ಲೋಹ ಹತ್ತಿರ ಬಂದರೆ ಸುರುಳಿಯ ಮಿಡಿತ ಬದಲಾಗಿ ಸ್ವರ ಏರುತ್ತದೆ, ಇಲ್ಲವೇ ಇಳಿಯುತ್ತದೆ. ತಂಬೂರಿ ಶ್ರುತಿ ಮಾಡುವವರಿಗೆ ಇದೇನು ಹೊಸದಲ್ಲ. ಆಳಕ್ಕೆ ಹೋಗದು, ಬಿಸಿಲಿಗೆ ಶ್ರುತಿ ಜಾರುತ್ತದೆ, ಉಪ್ಪುನೀರಿನ ಮರಳಲ್ಲಿ ಸುಮ್ಮನೆ ಕೂಗಾಡುತ್ತದೆ. ಹವ್ಯಾಸಿಗಳು ಆಟಿಕೆ ಅನ್ನುತ್ತಾರೆ. ಅನ್ನಲಿ.

ಲ್ಯಾಮಿಂಗ್ಟನ್ ರೋಡಿನಲ್ಲಿ ಸಾಮಾನು ಕೊಂಡು ಹಾಸ್ಟೆಲಿನಲ್ಲಿ ಬೆಸೆದ ನನ್ನ ಆಟಿಕೆ ಕಳೆದ ವರ್ಷ ಡೊಂಬಿವಲಿಗೆ, ಚಿಕ್ಕಮ್ಮನ ಚಾಳಿನ ಅಂಗಳಕ್ಕೆ ಹೋಯಿತು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಉಂಗುರವನ್ನು ಚಿಕ್ಕಮ್ಮ ಹಾಕಿಕೊಳ್ಳುತ್ತಿದ್ದರು. ಬೆರಳಿಗೆ ದೊಡ್ಡದು, ತುಳಸಿಗೆ ಮಣ್ಣು ಹಾಕುವಾಗ ಎಲ್ಲೋ ಜಾರಿತ್ತು. ಕೇಳಿದರೆ “ಹೋದದ್ದು ಹೋಯಿತು ಮಾರಾಯ” ಅನ್ನುವರು. ಆದರೆ ಸಂಜೆಹೊತ್ತು ಅಲ್ಲೇ ಬಗ್ಗಿ ಕಡ್ಡಿಯಿಂದ ಮಣ್ಣು ಕೆದಕುವುದನ್ನು ನಾನು ನೋಡಿದ್ದೆ.

ಮೊದಲ ಒಂದು ತಾಸು ಬರೀ ಕಸ. ಮೊಳೆಗೆ ಸ್ವರ ಇಳಿಯುತ್ತಿತ್ತು. ಸೋಡಾ ಬಾಟಲಿಯ ಮುಚ್ಚಳ ಮಾತ್ರ ಚಪ್ಪಟೆಯಾದ್ದರಿಂದ ಚಿನ್ನದ ಹಾಗೆಯೇ ಸ್ವರ ಏರಿಸಿ ಏಳು ಸಲ ಮೋಸ ಮಾಡಿತು. ಉಂಗುರದಲ್ಲಿ ಒಂದು ಅನುಕೂಲವಿದೆ: ಮುಚ್ಚಿದ ಬಳೆಯಾದ್ದರಿಂದ ವಿದ್ಯುತ್ತು ಸರಾಗವಾಗಿ ಸುತ್ತುತ್ತದೆ. ಸಣ್ಣ ಎಳೆಯ ಸರವಾಗಿದ್ದರೆ ಯಂತ್ರದ ಕೆಳಗೇ ಬಿದ್ದಿದ್ದರೂ ಗೊತ್ತಾಗುವುದು ಕಷ್ಟವಿತ್ತು.

ಕೊನೆಗೆ ಹಿಡಿದದ್ದು ನನ್ನ ಕಿವಿಯಲ್ಲ. ಮೆಟ್ಟಿಲ ಮೇಲೆ ಬೀನ್ಸ್ ಹೆಚ್ಚುತ್ತ ಕೂತಿದ್ದ ಚಿಕ್ಕಮ್ಮ, “ತಡಿ, ಈಗ ರಾಗ ಬದಲಾಯಿತಲ್ಲ?” ಅಂದರು. ಮತ್ತೆ ಆಡಿಸಿದೆ. ಹೌದು. ಎರಡು ಬೆರಳು ಆಳದಲ್ಲಿತ್ತು.

ಉಂಗುರಕ್ಕೆ ಈಗ ದಾರ ಸುತ್ತಿದ್ದಾರೆ. ಯಂತ್ರ ಮಾತ್ರ ನನಗೆ ಇನ್ನೂ ವಾಪಸು ಬಂದಿಲ್ಲ. ಪಕ್ಕದ ಮನೆಯವರ ಬೀಗದ ಕೈ ಹುಡುಕುವುದಿದೆಯಂತೆ.