ಹಿಮದ ನಾಡಿನ ನೀಲಿ ಐರಿಸ್

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಹರಿಯುವ ಸೇಂಟ್ ಲಾರೆನ್ಸ್ ಮಹಾನದಿಯು ಸೊರೆಲ್, ತ್ರುವಾ ರಿವಿಯೇರ್ ಎಂಬ ಪಟ್ಟಣಗಳ ನಡುವೆ ಅಗಲವಾಗಿ ಹರಡಿ, ಸೇಂಟ್ ಪಿಯೇರ್ ಸರೋವರವೆನಿಸಿಕೊಂಡಿದೆ. ಮಗನ ಮನೆಗೆ ಹೋಗಿದ್ದ ನಾವು ಜೂನ್ ತಿಂಗಳಲ್ಲಿ ಅದರ ಜವುಗು ದಡಗಳನ್ನು ನೋಡಿದೆವು. ಹುಲ್ಲಿನ ನಡುವೆ ನೀಲಿ ನೇರಿಳೆಯ ಹೂಗಳು ಸಾಲುಗೊಂಡು ನಿಂತಿದ್ದವು. ಕತ್ತಿಯಂತಹ ಎಲೆಗಳು, ಕೆಳಕ್ಕೆ ಬಾಗಿದ ಮೂರು ಎಸಳುಗಳು, ಅವುಗಳ ಬುಡದಲ್ಲಿ ಹಳದಿಯ ಮಚ್ಚೆ, ಅದರ ಮೇಲೆ ಲೇಖನಿಯಿಂದ ಎಳೆದಂತಹ ಗೆರೆಗಳು. ಈ ಗೆರೆಗಳು ದುಂಬಿಗೆ ಮಕರಂದದ ದಾರಿಯನ್ನು ತೋರತಕ್ಕವು. ಇದೇ ಆ ಸೀಮೆಯ ಕಾಡು ಐರಿಸ್. ಗ್ರೀಕರಲ್ಲಿ ಐರಿಸ್ ಎಂದರೆ ಮಳೆಬಿಲ್ಲಿನ ದೇವತೆ. 1999ರಲ್ಲಿ ಕ್ವಿಬೆಕ್ ಪ್ರಾಂತವು ಹೊರನಾಡಿನಿಂದ ಬಂದ ಬಿಳಿಯ ಲಿಲ್ಲಿಯನ್ನು ಬಿಟ್ಟು, ತನ್ನ ನೆಲದಲ್ಲಿಯೇ ಹುಟ್ಟಿದ ಈ ಹೂವನ್ನು ಪ್ರಾಂತಪುಷ್ಪವನ್ನಾಗಿ ಅಂಗೀಕರಿಸಿತು.

ಅಲ್ಲಿಯ ಚಳಿಗಾಲದಲ್ಲಿ ಉಷ್ಣತೆಯು ಸೊನ್ನೆಗಿಂತ 20 ಅಂಶ ಕೆಳಗಿಳಿಯುವುದುಂಟು. ಶರತ್ಕಾಲದಲ್ಲಿ ಉದುರಿದ ಬೀಜವು ಆಗಲೇ ಮೊಳೆತರೆ ಎಳೆಯ ಸಸಿಯು ಹಿಮಕ್ಕೆ ಸಿಕ್ಕಿ ಸಾಯುವುದು ನಿಶ್ಚಯ. ಆದುದರಿಂದ ಪ್ರಕೃತಿಯು ಬೀಜಕ್ಕೆ ನಿದ್ರೆಯನ್ನು ವಿಧಿಸಿದೆ. ತೇವದೊಡನೆ ಕೆಲವು ವಾರಗಳ ಚಳಿಯನ್ನು ಅನುಭವಿಸಿದ ಮೇಲೆಯೇ ಅದು ಎಚ್ಚರಗೊಳ್ಳುವುದು. ತಪಸ್ಸೆಂಬ ಶಬ್ದವು ಕಾಯುವುದೆಂಬ ಅರ್ಥದ ಧಾತುವಿನಿಂದ ಬಂದುದು. ಈ ಬೀಜಕ್ಕಾದರೋ ಶೀತವೇ ತಪಸ್ಸು.

ನೆರೆಮನೆಯ ವೃದ್ಧೆಯೊಬ್ಬರು ಪ್ರತಿವರ್ಷವೂ ಈ ಗಿಡವನ್ನು ಬೀಜದಿಂದಲೇ ಬೆಳೆಸುತ್ತಾರೆ. ಕಾಯಿಗಳು ಕಂದಾಗಿ ಬಿರಿಯಲಾರಂಭಿಸಿದೊಡನೆ ಅವರು ಬೀಜಗಳನ್ನು ಬಿಡಿಸಿ, ತೇವವಾದ ಮಣ್ಣಿನ ಕುಂಡದಲ್ಲಿ ಅರ್ಧ ಅಂಗುಲಕ್ಕಿಂತ ಕಡಿಮೆ ಆಳದಲ್ಲಿ ಬಿತ್ತಿ, ಇಲಿಗಳು ತಿನ್ನದಂತೆ ಬಲೆಯನ್ನು ಹೊದಿಸಿ, ಚಳಿಗಾಲವೆಲ್ಲ ಹೊರಗೆ ಬಿಡುತ್ತಾರೆ. ಹೊರಗೆ ಸ್ಥಳವಿಲ್ಲದವರು ಒದ್ದೆ ಮರಳಿನೊಡನೆ ಬೀಜಗಳನ್ನು ಎರಡು ಮೂರು ತಿಂಗಳು ರೆಫ್ರಿಜರೇಟರಿನಲ್ಲಿಟ್ಟರೂ ಆದೀತು. ವಸಂತದಲ್ಲಿ ಬರುವ ಮೊಳಕೆಯು ಹುಲ್ಲಿನಂತೆಯೇ ಇರುವುದರಿಂದ ಕಳೆಯೆಂದು ಕೀಳಬಾರದು. ಕೆಲವು ಬೀಜಗಳು ಮರುವರ್ಷ ಏಳುವುದೂ ಉಂಟು, ಕುಂಡವನ್ನು ಚೆಲ್ಲಲಾಗದು. ಹೂವಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷಗಳು ಬೇಕು. ಗೆಡ್ಡೆಯು ವಿಷವಾದುದರಿಂದ ಮಕ್ಕಳೂ ದನಕರುಗಳೂ ಬಾಯಿಗಿಡದಂತೆ ನೋಡಿಕೊಳ್ಳತಕ್ಕದ್ದು.

“ಬೆಳೆದ ಗೆಡ್ಡೆಯನ್ನು ಅಗೆದು ತಂದರೆ ಬೇಗನೆ ಹೂವಾಗುವುದಲ್ಲವೆ?” ಎಂದು ನಾವು ಕೇಳಿದೆವು. “ಅಗೆದರೆ ಜವುಗಿನಲ್ಲಿ ಒಂದು ಕುಳಿ ಉಳಿಯುತ್ತದೆ. ಅಲ್ಲದೆ ಒಂದು ಗೆಡ್ಡೆಯ ತುಂಡುಗಳೆಲ್ಲ ಒಂದೇ ಗಿಡ. ಬೀಜದಿಂದ ಬಂದ ಒಂದೊಂದೂ ಬೇರೆ ಬೇರೆ. ಒಂದು ರೋಗಕ್ಕೆ ಸೋತರೆ ಇನ್ನೊಂದು ಉಳಿದೀತು,” ಎಂದರು. ಅವರಿಗೆ ಎಂಬತ್ತು ಸಮೀಪಿಸಿದೆ. ತಾವು ಬಿತ್ತಿದುದನ್ನೆಲ್ಲ ನೋಡುವೆನೆಂಬ ಭರವಸೆಯೇನೂ ಅವರಿಗಿಲ್ಲ. ಮೊಳೆತ ಸಸಿಗಳನ್ನು ಬೀದಿಯ ಮಕ್ಕಳಿಗೆ ಹಂಚಿಬಿಡುತ್ತಾರೆ.

ನಾವು ಊರಿಗೆ ಹೊರಡುವ ವಾರದಲ್ಲಿ ನಮ್ಮ ಮೊಮ್ಮಗಳು ಅವರಿಂದ ಹನ್ನೆರಡು ಬೀಜಗಳನ್ನು ಪಡೆದು ಬಿತ್ತಿದಳು. ಮೊದಲನೆಯ ಹೂವನ್ನು ತಾತನಿಗೆ ತೋರಿಸುವುದಾಗಿ ಮಾತುಕೊಟ್ಟಿದ್ದಾಳೆ. ಮೂರು ವರ್ಷಗಳಾಚೆಯ ಮಾತನ್ನು ಕೊಡುವುದು ಮಕ್ಕಳಿಗೆ ಸುಲಭ. ನಾವೂ ಆಗಲೆಂದು ಒಪ್ಪಿ ಬಂದಿದ್ದೇವೆ.